ಗಾಜಿನ ತೊಟ್ಟಿಯ ಮೀಸೆಮೀನುಗಳಿಗೆ ವಿವಿಧಾಹಾರದ ಆಯ್ಕೆ

ಉಳುವ ಎತ್ತಿಗೆ ಹಾಕುವ ಮೇವನ್ನೇ ಎಳೆಗರುವಿಗೂ ಕೋಳಿಗೂ ಹಾಕುವ ರೈತನು ಎಲ್ಲಿಯೂ ಇಲ್ಲ. ಕರೆಯುವ ಹಸುವಿಗೆ ಹಿಂಡಿ, ದುಡಿಯುವ ಎತ್ತಿಗೆ ಹುರುಳಿ, ಕೋಳಿಗೆ ಕಾಳುಕಡಿ ಎಂದು ಆಯಾ ಪ್ರಾಣಿಯ ಸ್ವಭಾವವನ್ನೂ ಕೆಲಸವನ್ನೂ ನೋಡಿ ಆಹಾರವನ್ನು ಗೊತ್ತುಮಾಡುವುದು ನಮ್ಮವರಿಗೆ ಹುಟ್ಟಿನಿಂದ ಬಂದ ತಿಳಿವಳಿಕೆ. ಆದರೆ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನುಗಳನ್ನು ಸಾಕುವವರು ಈ ತಿಳಿವಳಿಕೆಯನ್ನು ಮರೆಯುವುದು ಹೆಚ್ಚು. ಮೇಲೆ ತೇಲುವ ಬಣ್ಣದ ಮೀನುಗಳಿಗೆ ಒಂದು ಚಿಟಿಕೆ ಆಹಾರವನ್ನು ಉದುರಿಸಿ, ತಳದಲ್ಲಿರುವ ಮೀಸೆಮೀನು ಉಳಿದುದನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುವುದೆಂದು ನಂಬಿ ಸುಮ್ಮನಾಗುತ್ತಾರೆ. ಅಂಗಡಿಯವರು ಕೂಡ ಈ ಮೀನನ್ನು ‘ಟ್ಯಾಂಕ್ ಕ್ಲೀನರ್’ ಎಂದು ಹೇಳಿಯೇ ಮಾರುವುದುಂಟು. ಈ ನಂಬಿಕೆಯಿಂದ ಎಷ್ಟೋ ಮೀನುಗಳು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದು ಸಾಯುತ್ತವೆ. ಬದುಕಿ ಬೆಳೆದವು ಬೇಡವಾಗಿ ಊರಿನ ಕೆರೆಯನ್ನು ಸೇರಿ ಬೇರೊಂದು ಕೇಡಿಗೆ ಕಾರಣವಾಗುತ್ತವೆ.

ಮೀನಿನ ಜಾತಿಯನ್ನು ನೋಡಿ ಆಹಾರವನ್ನು ಬೇರ್ಪಡಿಸುವುದು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆ. ಅದರಲ್ಲಿ ಮೀನುಗಳ ಜಾತಿಗಳನ್ನು ಎಣಿಸಿ, ಯಾವ ಯಾವ ಮೀನಿಗೆ ಯಾವ ಯಾವ ಆಹಾರವನ್ನು ಹಾಕಬೇಕೆಂಬುದನ್ನು ವಿಂಗಡಿಸಿ ಹೇಳಿದೆ. ಅಲ್ಲಿ ಹೇಳಿರುವುದು ಗಾಳದಿಂದ ಮೀನು ಹಿಡಿಯುವ ವಿನೋದದ ಸಲುವಾಗಿ. ಆದರೂ ಎಲ್ಲ ಮೀನಿಗೂ ಒಂದೇ ಮೇವು ಸಲ್ಲದೆಂಬ ಅದರ ಮೂಲತತ್ವವು ಇಂದಿನ ಗಾಜಿನ ತೊಟ್ಟಿಗೂ ಅನ್ವಯಿಸುತ್ತದೆ.

ಮೀಸೆಮೀನಿನ ಲಕ್ಷಣಗಳು

ಬಾಯಿಯ ಸುತ್ತ ಮೀಸೆಯಂತಹ ಎಳೆಗಳಿರುವುದರಿಂದ ಈ ಗುಂಪಿಗೆ ಮೀಸೆಮೀನು ಅಥವಾ ಬೆಕ್ಕುಮೀನು ಎಂಬ ಹೆಸರು ಬಂದಿದೆ. ಅಂಗಡಿಗಳಲ್ಲಿ ಕ್ಯಾಟ್‌ಫಿಷ್ ಎನ್ನುತ್ತಾರೆ. ನಮ್ಮ ಕೆರೆಹೊಳೆಗಳ ಮುರುಗೋಡು, ಚೇಳುಮೀನು, ಗಿರ್ಲು, ಬಾಳೆಮೀನು ಇವೆಲ್ಲವೂ ಇದೇ ಗುಂಪಿನವು. ಪ್ರಪಂಚದಲ್ಲಿ ಈ ಗುಂಪಿನ ಜಾತಿಗಳು 3,000ಕ್ಕೂ ಮಿಕ್ಕಿವೆ. ಅವುಗಳಲ್ಲಿ ಹೆಬ್ಬೆರಳಿನಷ್ಟಾಗಿ ನಿಲ್ಲುವವೂ ಇವೆ, ಆಳುದ್ದ ಬೆಳೆಯುವವೂ ಇವೆ. ಇಷ್ಟು ದೊಡ್ಡ ಗುಂಪಿಗೆ ಒಂದೇ ಬಗೆಯ ಆಹಾರವಿರಲಾರದೆಂಬುದು ಇದರಿಂದಲೇ ವ್ಯಕ್ತವಾಗುತ್ತದೆ.

ಮೀಸೆಮೀನುಗಳಿಗೆ ಇತರ ಮೀನುಗಳಂತೆ ಹುರುಪೆಗಳಿಲ್ಲ. ಕೆಲವಕ್ಕೆ ಬರಿಯ ಚರ್ಮವಿರುತ್ತದೆ. ಕೆಲವಕ್ಕೆ ಕವಚದಂತಹ ಗಟ್ಟಿಯಾದ ಫಲಕಗಳಿರುತ್ತವೆ. ಮೀಸೆಗಳ ಮೇಲೆಯೂ ಚರ್ಮದ ಮೇಲೆಯೂ ರುಚಿಯನ್ನು ಅರಿಯುವ ಸೂಕ್ಷ್ಮವಾದ ಮೊಗ್ಗುಗಳಿವೆ. ಆದುದರಿಂದ ಇವು ಕಗ್ಗತ್ತಲೆಯಲ್ಲಿಯೂ ರಾಡಿನೀರಿನಲ್ಲಿಯೂ ಆಹಾರವನ್ನು ತಡವರಿಸಿ, ರುಚಿಯಿಂದಲೇ ಗುರುತಿಸಿ ತಿನ್ನಬಲ್ಲವು. ಹೆಚ್ಚಿನ ಜಾತಿಗಳು ಹಗಲು ಮರೆಯಲ್ಲಿದ್ದು ಮುಸ್ಸಂಜೆಯಾದ ಮೇಲೆ ಮೇಯಲು ಹೊರಡುತ್ತವೆ. ಹಗಲು ದೀಪದ ಬೆಳಕಿನಲ್ಲಿ ಹಾಕಿದ ತೇಲುವ ಆಹಾರವನ್ನು ಬೇರೆ ಮೀನುಗಳು ಕ್ಷಣದಲ್ಲಿ ಮುಗಿಸುವುದರಿಂದ, ತಳದ ಮೀನಿನ ಪಾಲಿಗೆ ಏನೂ ಉಳಿಯದೆ ಹೋಗುವುದು ಸಹಜ.

ಮೀನಿನ ಮಲವು ಯಾವ ಮೀಸೆಮೀನಿಗೂ ಆಹಾರವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ತಿಳಿಯಬೇಕು. ತೊಟ್ಟಿಯಲ್ಲಿ ಮೀಸೆಮೀನನ್ನು ಬಿಟ್ಟರೆ ಕಸವು ಕಡಮೆಯಾಗುವುದಿಲ್ಲ. ಒಂದು ಹೊಟ್ಟೆ ಹೆಚ್ಚಿ, ಅದರ ಮಲವೂ ನೀರಿಗೆ ಸೇರುತ್ತದೆ. ತೊಟ್ಟಿಯನ್ನು ಚೊಕ್ಕಟ ಮಾಡುವ ಕೆಲಸವು ಸಾಕುವವನದು.

ಬಾಯಿಯನ್ನು ನೋಡಿ ಮೇವನ್ನು ಗೊತ್ತುಮಾಡುವುದು

ಹಲ್ಲನ್ನು ನೋಡಿ ಎತ್ತಿನ ವಯಸ್ಸನ್ನು ಹೇಳುವಂತೆ, ಬಾಯಿಯನ್ನು ನೋಡಿ ಮೀಸೆಮೀನಿನ ಆಹಾರವನ್ನು ಬಹುಮಟ್ಟಿಗೆ ಹೇಳಬಹುದು. ಅಂಗಡಿಗಳಲ್ಲಿ ದೊರೆಯುವ ಮೀಸೆಮೀನುಗಳನ್ನು ಸಾಕುವವರ ಅನುಕೂಲಕ್ಕಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಹೀರುಬಾಯಿಯ ವರ್ಗ. ‘ಸಕ್ಕರ್’ ಎಂದು ಮಾರಾಟವಾಗುವ ದಕ್ಷಿಣ ಅಮೇರಿಕದ ಮೀನುಗಳು ಇದಕ್ಕೆ ಸೇರಿದವು. ಬಾಯಿಯು ತಲೆಯ ಕೆಳಭಾಗದಲ್ಲಿ ಬಟ್ಟಲಿನಂತಿದ್ದು, ಅದರಿಂದ ಗಾಜಿಗೂ ಕಲ್ಲಿಗೂ ಅಂಟಿಕೊಂಡು, ಸಣ್ಣ ಹಲ್ಲುಗಳ ಸಾಲಿನಿಂದ ಪಾಚಿಯನ್ನೂ ಅದರೊಡನಿರುವ ಸೂಕ್ಷ್ಮಜೀವಿಗಳನ್ನೂ ಕೆರೆದು ತಿನ್ನುತ್ತವೆ. ಇವುಗಳ ಕರುಳು ಬಹಳ ಉದ್ದವಾಗಿ ಗಡಿಯಾರದ ಸುರುಳಿಯಂತೆ ಸುತ್ತಿಕೊಂಡಿರುತ್ತದೆ. ಸೊಪ್ಪುಸದೆಯನ್ನು ತಿನ್ನುವ ದನಕ್ಕೆ ಹೇಗೋ ಹಾಗೆ ಇವಕ್ಕೂ ಸಾರ ಕಡಮೆಯಾದ ಆಹಾರವು ಹೆಚ್ಚು ಹೊತ್ತು ದೊರೆಯುತ್ತಿರಬೇಕು. ಇವಕ್ಕೆ ತರಕಾರಿಯೂ ಪಾಚಿಯ ಮಾತ್ರೆಯೂ ಮುಖ್ಯ, ಮಾಂಸಾಹಾರವು ಕೊಂಚ ಮಾತ್ರ. ಈ ವರ್ಗದಲ್ಲಿ ಆನ್ಸಿಸ್ಟ್ರಸ್ ಎಂಬ, ಮೂತಿಯ ಮೇಲೆ ಕೊಂಬೆಗಳಂತಹ ಎಳೆಗಳುಳ್ಳ ಮೀನು ಐದಾರು ಅಂಗುಲಕ್ಕೆ ನಿಲ್ಲುತ್ತದೆ. ಸಾಧಾರಣ ಸಕ್ಕರ್ ಮೀನಾದರೋ ಎರಡು ಮೂರು ಅಂಗುಲದ ಮರಿಯಾಗಿ ಬಂದು ಒಂದಡಿಯನ್ನೂ ಮೀರಿ ಬೆಳೆಯುತ್ತದೆ. ಪನಾಕ್ ಎಂಬ ಇನ್ನೊಂದು ಬಗೆಯು ಮರವನ್ನೇ ಕೆರೆಯುತ್ತದೆ. ಅದು ಮರದ ನಾರನ್ನು ಸರಿಯಾಗಿ ಅರಗಿಸಿಕೊಳ್ಳಲಾರದೆಂದೂ, ಕೊಳೆಯುತ್ತಿರುವ ಮರದ ಮೇಲಿನ ಮೃದುವಾದ ಅಂಶಗಳಿಂದಲೇ ಪೋಷಣೆಯನ್ನು ಪಡೆಯುವುದೆಂದೂ 2009ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆದುದರಿಂದ ಮರದ ತುಂಡೊಂದನ್ನು ಇಟ್ಟ ಮಾತ್ರಕ್ಕೆ ಅದರ ಊಟದ ಚಿಂತೆಯು ತೀರಿತೆಂದು ಭಾವಿಸಕೂಡದು.

ಎರಡನೆಯದು ಮರಳನ್ನು ಸೋಸಿ ತಿನ್ನುವ ವರ್ಗ. ಕಾರಿಡೋರಾಸ್ ಎಂಬ ಎರಡು ಮೂರು ಅಂಗುಲದ ಚುರುಕಾದ ಮೀನುಗಳು ಇದರಲ್ಲಿ ಪ್ರಸಿದ್ಧವಾದವು. ಇವುಗಳ ಮೀಸೆ ಗಿಡ್ಡ, ಬಾಯಿ ಚಿಕ್ಕದು. ಮೂತಿಯನ್ನು ಮರಳಿನಲ್ಲಿ ಹುದುಗಿಸಿ, ಬಾಯಿಗೆ ಬಂದ ಮರಳನ್ನು ಕಿವಿರುಗಳಿಂದ ಹೊರಕ್ಕೆ ಬಿಟ್ಟು, ಹುಳುಗಳನ್ನೂ ಸಣ್ಣ ಜಲಕೀಟಗಳನ್ನೂ ಆರಿಸಿ ತಿನ್ನುತ್ತವೆ. ಇವಕ್ಕೆ ಹುಳು, ಸಿಗಡಿ ಮೊದಲಾದ ಮಾಂಸಾಹಾರವು ಹೆಚ್ಚಾಗಿಯೂ ತರಕಾರಿಯು ಕಡಮೆಯಾಗಿಯೂ ಇರಬೇಕು. ಇವು ಪಾಚಿಯನ್ನು ತಿಂದು ಬದುಕಲಾರವು. ಚೂಪಾದ ಜಲ್ಲಿಯೂ ಕೊಳೆತ ಆಹಾರವೂ ತಳದಲ್ಲಿದ್ದರೆ ಮೀಸೆಗಳು ಸವೆದು ಮೊಂಡಾಗಿ, ಆಹಾರವನ್ನು ಹುಡುಕುವ ಶಕ್ತಿಯು ಕುಂದುತ್ತದೆ. ನಯವಾದ ಮರಳನ್ನು ಹಾಸುವುದೂ, ಆರಕ್ಕೆ ಕಡಮೆಯಿಲ್ಲದಂತೆ ಗುಂಪಾಗಿ ಸಾಕುವುದೂ ಲೇಸು. ಇವು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿಯನ್ನು ನುಂಗಿ ಕರುಳಿನಿಂದ ಉಸಿರಾಡುವುದುಂಟು. ಅದನ್ನು ಹಸಿವೆಂದು ತಿಳಿದು ಮತ್ತೆ ಮತ್ತೆ ಆಹಾರವನ್ನು ಸುರಿಯಬಾರದು.

ಮೂರನೆಯದು ನೀರಿನ ನಡುಮಟ್ಟದಲ್ಲಿ ಅಥವಾ ಮರೆಗಳ ಕೆಳಗೆ ಮೇಯುವ ವರ್ಗ. ಥಾಯ್ಲೆಂಡಿನ ಗಾಜುಮೀನಿನ ದೇಹವು ಪಾರದರ್ಶಕವಾಗಿ, ಬೆನ್ನೆಲುಬು ಹೊರಗೆ ಕಾಣುತ್ತದೆ. ಬಹುಕಾಲ ಬೇರೆ ಜಾತಿಯ ಹೆಸರಿನಿಂದ ಮಾರಾಟವಾಗುತ್ತಿದ್ದ ಇದಕ್ಕೆ ಶಾಸ್ತ್ರಜ್ಞರು 2013ರಲ್ಲಿ ಪ್ರತ್ಯೇಕವಾದ ಹೆಸರನ್ನಿಟ್ಟರು. ಇದು ತಳಕ್ಕಿಳಿದು ತಿನ್ನುವುದು ಅಪರೂಪ; ನೀರಿನಲ್ಲಿ ತೇಲಾಡುವ ಸಣ್ಣ ಜೀವಿಗಳೇ ಇದಕ್ಕೆ ಒಗ್ಗಿದ ಆಹಾರ. ಆಫ್ರಿಕದ ಕಾಂಗೋ ನದಿಯ ತಲೆಕೆಳಗಾಗಿ ಈಜುವ ಮೀಸೆಮೀನು ಎಲೆಗಳ ಅಡಿಯಲ್ಲಿರುವ ಕೀಟಗಳನ್ನೂ ಮೇಲ್ಭಾಗದ ಆಹಾರವನ್ನೂ ಹೊಟ್ಟೆ ಮೇಲಾಗಿ ಈಜುತ್ತ ತಿನ್ನುತ್ತದೆ. ಇದಕ್ಕೆ ಕೀಟಾಹಾರದೊಡನೆ ಸ್ವಲ್ಪ ತರಕಾರಿಯೂ ಸಲ್ಲುತ್ತದೆ.

ನಾಲ್ಕನೆಯದು ಅಗಲಬಾಯಿಯ ಬೇಟೆಗಾರ ವರ್ಗ. ನಮ್ಮ ಗಿರ್ಲು ಮತ್ತು ಚೇಳುಮೀನುಗಳು ಹುಳುಹುಪ್ಪಟೆಗಳನ್ನೂ ಸಣ್ಣ ಮೀನುಗಳನ್ನೂ ತಿನ್ನುವವು. ಚೇಳುಮೀನಿನ ಪಕ್ಕದ ಮುಳ್ಳಿನಲ್ಲಿ ವಿಷವಿರುವುದರಿಂದ ತೊಟ್ಟಿಯಲ್ಲಿ ಕೈಯಾಡಿಸುವಾಗ ಎಚ್ಚರಿಕೆ ಅವಶ್ಯ. ಅಮೆಜಾನ್ ನದಿಯ ಕೆಂಬಾಲದ ಮೀಸೆಮೀನು ಅಂಗಡಿಯಲ್ಲಿ ಬೆರಳುದ್ದದ ಮುದ್ದಾದ ಮರಿಯಾಗಿರುತ್ತದೆ. ಬೆಳೆದರೆ ಮೂರಡಿಯನ್ನೂ ದಾಟಿ, ಬಾಯಿಗೆ ಹಿಡಿದುದನ್ನೆಲ್ಲ ನುಂಗುತ್ತದೆ. ‘ಶಾರ್ಕ್’ ಎಂಬ ಹೆಸರಿನಿಂದ ಮಾರುವ ಬೆಳ್ಳಿಬಣ್ಣದ ಪಂಗಾಸಿಯಸ್ ಮರಿಯು ಆಹಾರದಲ್ಲಿ ಮಿಶ್ರಾಹಾರಿಯಾದರೂ, ಬೆಳೆದಾಗ ಅದೂ ಮೂರಡಿಗೆ ಮುಟ್ಟುವಂಥದು. ಇವು ಮನೆಯ ತೊಟ್ಟಿಗೆ ತಕ್ಕವಲ್ಲ. ಆಹಾರವನ್ನೂ ಸ್ಥಳವನ್ನೂ ಒದಗಿಸಲಾರದ ಮೀನನ್ನು ಕೊಳ್ಳದಿರುವುದೇ ಆಹಾರದ ಆಯ್ಕೆಯಲ್ಲಿ ಮೊದಲನೆಯ ಹೆಜ್ಜೆ.

ಒಂದೇ ಆಹಾರದಿಂದಾಗುವ ಕೇಡು

ಯಾವುದೇ ಒಂದು ಪದಾರ್ಥವು ಎಷ್ಟು ಒಳ್ಳೆಯದಾದರೂ ಅದೊಂದರಲ್ಲಿಯೇ ದೇಹಕ್ಕೆ ಬೇಕಾದ ಎಲ್ಲ ಸತ್ವಗಳೂ ಇರುವುದಿಲ್ಲ. ಮೀಸೆಮೀನುಗಳು ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿ ತಾವೇ ತಯಾರಿಸಿಕೊಳ್ಳಲಾರವು. ಆಹಾರದಿಂದಲೇ ಅದು ದೊರೆಯಬೇಕು. ಅಮೇರಿಕದಲ್ಲಿ ಕೊಳಗಳಲ್ಲಿ ಬೆಳೆಸುವ ಚಾನಲ್ ಕ್ಯಾಟ್‌ಫಿಷ್ ಎಂಬ ಮೀಸೆಮೀನಿಗೆ ಈ ಸತ್ವವಿಲ್ಲದ ಆಹಾರವನ್ನು ಹಾಕಿದಾಗ ಬೆನ್ನೆಲುಬು ಸೊಟ್ಟಗಾಗಿ ಮುರಿಯುವ ರೋಗವು ಕಾಣಿಸಿಕೊಂಡಿತು. ಈ ಸತ್ವವು ಗಾಳಿ, ಶಾಖ, ತೇವಗಳಿಂದ ಬೇಗನೆ ನಶಿಸುವಂಥದು. ವರ್ಷಗಟ್ಟಲೆ ಕಪಾಟಿನಲ್ಲಿ ತೆರೆದಿಟ್ಟ ಡಬ್ಬಿಯ ಆಹಾರವು ನೋಡಲು ಹೊಸದರಂತೆಯೇ ಇದ್ದರೂ, ಸತ್ವದಲ್ಲಿ ಹೊಟ್ಟಿಗಿಂತ ಹೆಚ್ಚಿನದಾಗಿರುವುದಿಲ್ಲ.

ಮತ್ತೊಂದು ಕೇಡು ಕಣ್ಣಿಗೆ ಕಾಣದಂಥದು. ಕೆಲವು ಜಾತಿಯ ಹಸಿಮೀನು ಮತ್ತು ಹಸಿ ಸಿಗಡಿಗಳಲ್ಲಿ ಬಿ1 ಜೀವಸತ್ವವನ್ನು ಒಡೆದುಹಾಕುವ ಒಂದು ವಸ್ತುವಿದೆ. ಅಂಥವನ್ನೇ ಅನುದಿನವೂ ಹಾಕುತ್ತಿದ್ದರೆ ಮೀನು ಹೊಟ್ಟೆತುಂಬ ತಿಂದೂ ಸತ್ವಹೀನವಾಗುತ್ತದೆ. ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿದರೂ ಈ ವಸ್ತುವು ನಾಶವಾಗುವುದಿಲ್ಲ, ಬೇಯಿಸಿದರೆ ನಾಶವಾಗುತ್ತದೆ. ಆದುದರಿಂದ ಸಿಗಡಿಯನ್ನು ಒಂದೆರಡು ನಿಮಿಷ ಬೇಯಿಸಿ, ವಾರಕ್ಕೆ ಒಂದೆರಡು ಸಲ ಮಾತ್ರ ಕೊಡುವುದು ಕ್ಷೇಮ.

ಹೀರುಬಾಯಿಯ ಮೀನಿಗೆ ಬರಿಯ ಗಾಜಿನ ಪಾಚಿಯು ಸಾಲದು. ಸಾಧಾರಣ ಮನೆಯ ತೊಟ್ಟಿಯ ಪಾಚಿಯನ್ನು ಅದು ಕೆಲವೇ ದಿನಗಳಲ್ಲಿ ಕೆರೆದು ಮುಗಿಸುತ್ತದೆ. ಅನಂತರ ಹಸಿವು ಮೊದಲಾಗುತ್ತದೆ. ಮೀನು ಗಾಜಿಗೆ ಅಂಟಿಕೊಂಡಿರುವಾಗ ಹೊರಗಿನಿಂದ ಅದರ ಹೊಟ್ಟೆಯನ್ನು ಪರೀಕ್ಷಿಸಬಹುದು. ಹೊಟ್ಟೆಯು ಮಟ್ಟಸವಾಗಿ ಅಥವಾ ಕೊಂಚ ಉಬ್ಬಿದ್ದರೆ ಸರಿ. ಒಳಕ್ಕೆ ಗುಳಿಬಿದ್ದು ಕಣ್ಣುಗಳು ಇಳಿದಿದ್ದರೆ ಮೀನು ಬಹುದಿನಗಳಿಂದ ಉಪವಾಸವಿದೆಯೆಂದು ತಿಳಿಯಬೇಕು. ಹಸಿದ ಸಕ್ಕರ್ ಮೀನು ರಾತ್ರಿಯ ಹೊತ್ತು ಚಿನ್ನದ ಮೀನು ಮುಂತಾದ ಅಗಲಮೈಯ ಮೀನುಗಳ ಪಕ್ಕಕ್ಕೆ ಅಂಟಿಕೊಂಡು ಅವುಗಳ ಮೈಯ ಲೋಳೆಯನ್ನು ಕೆರೆದು ಗಾಯಪಡಿಸುವುದೂ ಉಂಟು.

ಆಹಾರ ಪದಾರ್ಥಗಳು

ಒಣ ಆಹಾರ: ಅಂಗಡಿಗಳಲ್ಲಿ ದೊರೆಯುವ, ನೀರಿನಲ್ಲಿ ಮುಳುಗುವ ಗುಳಿಗೆ ಅಥವಾ ಬಿಲ್ಲೆಗಳು ನಿತ್ಯದ ಆಹಾರಕ್ಕೆ ಬುನಾದಿಯಾಗಿರಬಹುದು. ತೇಲುವ ಪದರಗಳು ತಳದ ಮೀನಿಗೆ ಉಪಯೋಗವಿಲ್ಲ. ಹೀರುಬಾಯಿಯ ವರ್ಗಕ್ಕೆ ಸ್ಪಿರುಲಿನ ಮುಂತಾದ ಪಾಚಿಯಿಂದ ಕೂಡಿದ ಬಿಲ್ಲೆಗಳನ್ನೂ, ಮಿಕ್ಕವಕ್ಕೆ ಮೀನುಹಿಟ್ಟು, ಸಿಗಡಿಹಿಟ್ಟು ಅಥವಾ ಕೀಟಗಳ ಹಿಟ್ಟು ಮೊದಲಿಗೆ ಬರೆದಿರುವ ಗುಳಿಗೆಗಳನ್ನೂ ಆರಿಸಬೇಕು. ಡಬ್ಬಿಯ ಮೇಲೆ ಪದಾರ್ಥಗಳನ್ನು ಪ್ರಮಾಣದ ಇಳಿತದಂತೆ ಬರೆದಿರುವುದು ರೂಢಿಯಾದ್ದರಿಂದ, ಗೋಧಿಹಿಟ್ಟೇ ಮೊದಲಿಗಿರುವ ಡಬ್ಬಿಯನ್ನು ಬಿಡುವುದು ಒಳ್ಳೆಯದು. ಹೋಲಿಕೆಗಾಗಿ ಹೇಳುವುದಾದರೆ, ಅಮೇರಿಕದ ಕೊಳಗಳ ಮೀಸೆಮೀನಿನ ಆಹಾರದಲ್ಲಿ ಸಾಮಾನ್ಯವಾಗಿ ನೂರಕ್ಕೆ 28ರಿಂದ 32 ಭಾಗ ಸಸಾರಜನಕವಿರುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟನ್ನೇ ಕೊಂಡು, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತಣ್ಣಗಿರುವ ಕಡೆ ಇಡತಕ್ಕದ್ದು.

ತರಕಾರಿಗಳು: ಸೌತೆಕಾಯಿಯ ಬಿಲ್ಲೆ, ಸಿಪ್ಪೆ ತೆಗೆದು ಬೇಯಿಸಿದ ಬಟಾಣಿ, ಮೆತ್ತಗೆ ಬೇಯಿಸಿದ ಸಿಹಿಕುಂಬಳ ಮತ್ತು ಗಜ್ಜರಿ ಇವು ನಮ್ಮ ಅಡುಗೆಮನೆಗಳಲ್ಲಿಯೇ ದೊರೆಯುವ ಉತ್ತಮವಾದ ಆಹಾರಗಳು. ಉಪ್ಪು, ಎಣ್ಣೆ, ಮಸಾಲೆ ಯಾವುದೂ ಸೋಕಿರಬಾರದು. ತುಂಡು ತೇಲದಂತೆ ಅದನ್ನು ಸ್ಟೀಲಿನ ಚಮಚಕ್ಕೆ ಚುಚ್ಚಿಯೋ ಕಲ್ಲಿಗೆ ಕಟ್ಟಿಯೋ ರಾತ್ರಿ ಇಳಿಬಿಟ್ಟು, ಉಳಿದುದನ್ನು ಬೆಳಗ್ಗೆ ತೆಗೆಯಬೇಕು. ಹೊಸ ತರಕಾರಿಯನ್ನು ಮೀನು ಮೊದಲನೆಯ ದಿನ ಮುಟ್ಟದಿದ್ದರೆ ಬೇಸರಪಡದೆ ನಾಲ್ಕಾರು ರಾತ್ರಿ ಪ್ರಯತ್ನಿಸಿದರೆ ರೂಢಿಯಾಗುತ್ತದೆ. ಔಷಧಿ ಹೊಡೆದ ತೋಟದ ತರಕಾರಿಯನ್ನು ಹಾಕಲೇಬಾರದು. ಕೀಟನಾಶಕದ ಎಷ್ಟೋ ಔಷಧಿಗಳು ಮೀನಿಗೆ ಅತಿ ಅಲ್ಪ ಪ್ರಮಾಣದಲ್ಲಿಯೂ ಮಾರಕವಾದವು.

ಜೀವಂತ ಆಹಾರ: ಹೊಲದ ಎರೆಹುಳುವು ಮೀಸೆಮೀನುಗಳಿಗೆ ಬಹು ಪ್ರಿಯವಾದುದು. ರಾಸಾಯನಿಕ ಔಷಧಿಗಳನ್ನು ಬಳಸದ ನೆಲದಿಂದ ಹುಳುಗಳನ್ನು ತೆಗೆದು, ಒದ್ದೆಬಟ್ಟೆಯಲ್ಲಿ ಒಂದು ದಿನವಿಟ್ಟು ಹೊಟ್ಟೆಯ ಮಣ್ಣು ಹೋದ ಮೇಲೆ ತೊಳೆದು, ಮೀನಿನ ಬಾಯಿಗೆ ತಕ್ಕಂತೆ ಕತ್ತರಿಸಿ ಹಾಕಬೇಕು. ಎರೆಗೊಬ್ಬರದ ತೊಟ್ಟಿಗಳಲ್ಲಿ ಬೆಳೆಸುವ ಐಸೀನಿಯ ಫೆಟಿಡ ಎಂಬ ಕೆಂಪುಹುಳುವಾದರೋ ಕೆಣಕಿದಾಗ ಕೆಟ್ಟ ವಾಸನೆಯ ಹಳದಿ ದ್ರವವನ್ನು ಒಸರುತ್ತದೆ. ಅನೇಕ ಮೀನುಗಳು ಅದನ್ನು ಒಲ್ಲವು. ಆದುದರಿಂದ ಅದನ್ನು ಬಿಡುವುದು ಲೇಸು. ಟ್ಯುಬಿಫೆಕ್ಸ್ ಎಂಬ ಎಳೆಹುಳುಗಳನ್ನು ಕೊಳಚೆ ಕಾಲುವೆಗಳಿಂದ ತೆಗೆಯುವುದುಂಟಾದ್ದರಿಂದ ಅವುಗಳಿಂದ ರೋಗ ಹರಡುವ ಭಯವಿದೆ. ಅವಕ್ಕೆ ಬದಲಾಗಿ ಹೆಪ್ಪುಗಟ್ಟಿಸಿದ ರಕ್ತಹುಳು, ಆರ್ಟೀಮಿಯ ಎಂಬ ಉಪ್ಪುನೀರಿನ ಸಣ್ಣ ಸಿಗಡಿ, ಡ್ಯಾಫ್ನಿಯ ಎಂಬ ನೀರುಚಿಗಟ ಇವನ್ನು ಉಪಯೋಗಿಸಬಹುದು. ಸೊಳ್ಳೆಯ ಮರಿಗಳು ಗಾಜುಮೀನಿಗೆ ಒಳ್ಳೆಯ ಆಹಾರವೇ ಸರಿ; ಆದರೆ ಅವುಗಳಿಗಾಗಿ ಮನೆಯ ಬಳಿ ನೀರನ್ನು ನಿಲ್ಲಿಸುವುದು ಡೆಂಗೀ ಜ್ವರಕ್ಕೆ ಎಡೆಗೊಡುತ್ತದೆ; ಹಾಗೆ ಮಾಡಲಾಗದು.

ಮನೆಯಲ್ಲಿ ತಯಾರಿಸುವ ಮಿಶ್ರಣ: ಬೇಯಿಸಿದ ಬಟಾಣಿ ಮತ್ತು ಸಿಹಿಕುಂಬಳ ಒಟ್ಟು ಎರಡು ಪಾಲು, ಬೇಯಿಸಿದ ಸಿಗಡಿ ಅಥವಾ ಮುಳ್ಳು ತೆಗೆದ ಮೀನು ಒಂದು ಪಾಲು ಇವನ್ನು ನುಣ್ಣಗೆ ಅರೆಯಬೇಕು. ಚೈನಾ ಗ್ರಾಸ್ ಎಂದು ದಿನಸಿ ಅಂಗಡಿಗಳಲ್ಲಿ ದೊರೆಯುವ ಅಗರ್ ಅನ್ನು ನೀರಿನಲ್ಲಿ ಕುದಿಸಿ ಕರಗಿಸಿ, ಆರುತ್ತ ಬಂದು ಗಟ್ಟಿಯಾಗುವ ಮೊದಲು ಈ ಅರೆಪನ್ನೂ ಒಂದು ಚಮಚ ಸ್ಪಿರುಲಿನ ಪುಡಿಯನ್ನೂ ಸೇರಿಸಿ ತಟ್ಟೆಗೆ ಸುರಿಯಬೇಕು. ಕುದಿಯುವಾಗಲೇ ಪುಡಿಯನ್ನು ಹಾಕಿದರೆ ಶಾಖದಿಂದ ಸತ್ವವು ಕುಗ್ಗುತ್ತದೆ. ಗಟ್ಟಿಯಾದ ಮೇಲೆ ಸಣ್ಣ ಚೌಕಗಳಾಗಿ ಕೊಯ್ದು ಶೈತ್ಯಪೆಟ್ಟಿಗೆಯ ಹೆಪ್ಪುಗಟ್ಟುವ ಭಾಗದಲ್ಲಿಟ್ಟರೆ ಹಲವು ವಾರಗಳಿಗೆ ಬರುತ್ತದೆ. ಹೀರುಬಾಯಿಯ ಮೀನಿಗೆ ಈ ಅಳತೆಯು ಸರಿ. ಕಾರಿಡೋರಾಸ್ ಮತ್ತು ಗಿರ್ಲುಗಳಿಗೆ ತರಕಾರಿ ಒಂದು ಪಾಲು, ಸಿಗಡಿ ಅಥವಾ ಮೀನು ಎರಡು ಪಾಲು ಎಂದು ತಿರುವುಮುರುವು ಮಾಡಿಕೊಳ್ಳಬೇಕು. ಗಾಜಿಗೂ ಕಲ್ಲಿಗೂ ಒತ್ತಿದರೂ ಕದಡದೆ ನಿಲ್ಲುವುದರಿಂದ ಕೆರೆದು ತಿನ್ನುವ ಮೀನಿಗೆ ಇದು ಅನುಕೂಲವಾದುದು.

ವರ್ಜಿಸತಕ್ಕ ಪದಾರ್ಥಗಳು

ಅನ್ನದ ಅಗುಳು, ರೊಟ್ಟಿಯ ಚೂರು, ಬಿಸ್ಕತ್ತು, ಇವುಗಳಲ್ಲಿ ಪಿಷ್ಟವು ಹೆಚ್ಚು, ಮೀನಿಗೆ ಬೇಕಾದ ಸತ್ವವು ಕಡಮೆ. ನೀರಿನಲ್ಲಿ ಬೇಗನೆ ಕೊಳೆಯುತ್ತವೆ. ಕುರಿ, ದನಗಳ ಮಾಂಸ ಮತ್ತು ಕೊಬ್ಬು ಮೀನಿನ ದೇಹದಲ್ಲಿ ಸರಿಯಾಗಿ ಅರಗುವುದಿಲ್ಲ. ಕೋಳಿ ಅಂಗಡಿಯ ಕಸವನ್ನು ಹಾಕುವುದಂತೂ ನೀರನ್ನು ವಿಷವಾಗಿಸುವ ಮಾರ್ಗ.

ಕೆರೆಕುಂಟೆಗಳಲ್ಲಿ ಕಾಟ್ಲಾ, ರೋಹು ಮೀನುಗಳಿಗೆ ಹಾಕುವ ಅಕ್ಕಿತೌಡು ಮತ್ತು ಕಡಲೆಕಾಯಿ ಹಿಂಡಿಯು ಜಮೀನುದಾರರ ಮನೆಯಲ್ಲಿ ಸುಲಭವಾಗಿ ದೊರೆಯುವುದರಿಂದ ಅದನ್ನೇ ಗಾಜಿನ ತೊಟ್ಟಿಗೂ ಹಾಕುವ ಮನಸ್ಸಾಗಬಹುದು. ಎಕರೆಗಟ್ಟಲೆ ನೀರಿರುವ ಕೆರೆಯಲ್ಲಿ ಕರಗಿಹೋಗುವ ಹಿಂಡಿಯು ಕೆಲವು ಕೊಡಗಳಷ್ಟೇ ನೀರಿರುವ ತೊಟ್ಟಿಯನ್ನು ಒಂದೇ ರಾತ್ರಿಯಲ್ಲಿ ಕೆಡಿಸುತ್ತದೆ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರುವ ಸಂಭವವುಂಟು. ದನಕರುಗಳಿಗೆ ಹೇಗೋ ಹಾಗೆ ಮೀನಿಗೂ ಅದು ಪಿತ್ತಕೋಶದ ಕಡೆಯ ಯಕೃತ್ತನ್ನು ಕೆಡಿಸುವಂಥದು.

ಹೊತ್ತು, ಪ್ರಮಾಣ ಮತ್ತು ವಾರದ ಕ್ರಮ

ತೊಟ್ಟಿಯ ದೀಪವನ್ನು ಆರಿಸಿ ಅರ್ಧ ಗಂಟೆಯಾದ ಮೇಲೆ ಮೀಸೆಮೀನಿನ ಆಹಾರವನ್ನು ಹಾಕುವುದು ಉತ್ತಮ. ಮೇಲಿನ ಮೀನುಗಳು ಆಗ ವಿಶ್ರಮಿಸುತ್ತಿರುವುದರಿಂದ ತಳದ ಮೀನಿಗೆ ಅದರ ಪಾಲು ಸಿಕ್ಕುತ್ತದೆ. ಒಂದಕ್ಕಿಂತ ಹೆಚ್ಚು ಮೀನುಗಳಿದ್ದರೆ ಎರಡು ಮೂರು ಕಡೆ ಹಂಚಿ ಹಾಕಬೇಕು; ಇಲ್ಲವಾದರೆ ಬಲವಾದುದು ಒಂದೇ ತಿಂದು ಮಿಕ್ಕವು ಉಪವಾಸವಿರುತ್ತವೆ. ಗಾಜುಮೀನು ಹಗಲಿನಲ್ಲಿಯೂ ತಿನ್ನುತ್ತದೆ.

ಬೆಳೆದ ಮೀನಿಗೆ ಒಣ ಆಹಾರವು ದಿನಕ್ಕೆ ಅದರ ತೂಕದ ನೂರರಲ್ಲಿ ಒಂದೆರಡು ಭಾಗವಾದರೆ ಸಾಕಾಗುತ್ತದೆ. ಅಂದರೆ 50 ಗ್ರಾಂ ತೂಗುವ ಮೀನಿಗೆ ಅರ್ಧ ಗ್ರಾಮಿನಿಂದ ಒಂದು ಗ್ರಾಂ. ಮರಿಗಳಿಗೆ ಇದಕ್ಕಿಂತ ಹೆಚ್ಚಾಗಿ, ಎರಡು ಮೂರು ಸಲ ಹಂಚಿ ಕೊಡಬೇಕು. ತೂಗುವುದು ಅಸಾಧ್ಯವಾದರೆ ಬೆಳಗ್ಗೆ ತಳವನ್ನು ಪರೀಕ್ಷಿಸುವುದೇ ಸುಲಭವಾದ ಅಳತೆ. ಗುಳಿಗೆಗಳು ಉಳಿದಿದ್ದರೆ ಮರುದಿನ ಕಡಮೆ ಮಾಡಬೇಕು. ಏನೂ ಉಳಿಯದೆ ಮೀನಿನ ಹೊಟ್ಟೆಯು ಗುಳಿಬಿದ್ದಿದ್ದರೆ ಹೆಚ್ಚಿಸಬೇಕು.

ಹೀರುಬಾಯಿಯ ಮೀನಿಗೆ ವಾರದಲ್ಲಿ ಮೂರು ರಾತ್ರಿ ಪಾಚಿಯ ಬಿಲ್ಲೆ, ಎರಡು ರಾತ್ರಿ ಬಗೆಬಗೆಯ ತರಕಾರಿ, ಒಂದು ರಾತ್ರಿ ಮನೆಯ ಮಿಶ್ರಣ, ಒಂದು ದಿನ ಬಿಡುವು ಎಂದು ಗೊತ್ತುಮಾಡಬಹುದು. ಕಾರಿಡೋರಾಸ್‌ಗಳಿಗೆ ಮೂರು ರಾತ್ರಿ ಮುಳುಗುವ ಗುಳಿಗೆ, ಎರಡು ರಾತ್ರಿ ರಕ್ತಹುಳು ಅಥವಾ ಆರ್ಟೀಮಿಯ, ಒಂದು ರಾತ್ರಿ ಬಟಾಣಿ ಬೆರೆತ ಮಿಶ್ರಣ, ಒಂದು ದಿನ ಬಿಡುವು. ಗಿರ್ಲು ಮೊದಲಾದ ಬೇಟೆಗಾರ ಮೀನುಗಳಿಗೆ ಬೆಳೆದ ಮೇಲೆ ವಾರಕ್ಕೆ ಮೂರು ನಾಲ್ಕು ಸಲ ಗುಳಿಗೆ, ಎರೆಹುಳು, ಬೇಯಿಸಿದ ಸಿಗಡಿಗಳನ್ನು ಸರದಿಯಂತೆ ಕೊಟ್ಟರೆ ಸಾಕು. ಆರೋಗ್ಯವಾಗಿರುವ ಬೆಳೆದ ಮೀನಿಗೆ ಒಂದು ದಿನದ ಬಿಡುವು ಹಾನಿಯಲ್ಲ. ತೊಟ್ಟಿಯಲ್ಲಿ ಉಳಿದ ಚೂರುಪಾರು ಆ ದಿನ ಮುಗಿಯುತ್ತದೆ.

ಆಹಾರವು ಹೆಚ್ಚಾದರೆ ಅದೂ ಮೀನಿನ ಮಲವೂ ಕೊಳೆತು ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ನೀರಿನಲ್ಲಿ ಕ್ಷಾರವೂ ಶಾಖವೂ ಹೆಚ್ಚಿದಷ್ಟು ಈ ಅಮೋನಿಯದ ವಿಷವೂ ಹೆಚ್ಚುತ್ತದೆ. ನಮ್ಮ ನಾಡಿನ ಅನೇಕ ಕೊಳವೆಬಾವಿಗಳ ನೀರು ಕ್ಷಾರಯುಕ್ತವಾದ್ದರಿಂದ ಬೇಸಗೆಯಲ್ಲಿ ವಿಶೇಷ ಎಚ್ಚರಿಕೆಯಿರಬೇಕು. ವಾರಕ್ಕೊಮ್ಮೆ ನೀರಿನ ನಾಲ್ಕನೆಯ ಒಂದು ಭಾಗವನ್ನು ತಳದ ಕಸದೊಡನೆ ಕೊಳವೆಯಿಂದ ಹೀರಿ ತೆಗೆದು, ಕ್ಲೋರಿನ್ ಇಲ್ಲದ ಹೊಸ ನೀರನ್ನು ತುಂಬತಕ್ಕದ್ದು. ಹೊರತೆಗೆದ ಆ ನೀರು ಹೂಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ.

ಬೆಳೆದ ಮೀನೂ ಊರಿನ ಕೆರೆಯೂ

ಚೆನ್ನಾಗಿ ಮೇಯಿಸಿದ ಸಕ್ಕರ್ ಮೀನು ತೊಟ್ಟಿಯನ್ನು ಮೀರಿ ಬೆಳೆಯುತ್ತದೆ. ಆಗ ಅದನ್ನು ಕೊಲ್ಲಲು ಮನಸ್ಸು ಬಾರದೆ, ಪುಣ್ಯವೆಂದು ತಿಳಿದು ಹತ್ತಿರದ ಕೆರೆಗೆ ಬಿಡುವವರಿದ್ದಾರೆ. ಗ್ರಾಮದ ಮುಖಂಡರು ಗಮನಿಸಬೇಕಾದ ವಿಷಯವು ಇದು. ಈ ಮೀನು ಗಾಳಿಯನ್ನೂ ನುಂಗಿ ಉಸಿರಾಡಬಲ್ಲದಾದ್ದರಿಂದ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಕವಚವೂ ಮುಳ್ಳೂ ಇರುವುದರಿಂದ ಇತರ ಮೀನುಗಳಿಗೆ ಸುಲಭವಾಗಿ ಆಹಾರವಾಗುವುದಿಲ್ಲ. ಬಲೆಗೆ ಸಿಕ್ಕಿದರೆ ಬಲೆಯನ್ನು ಹರಿಯುತ್ತದೆ. ಮೊಟ್ಟೆಯಿಡುವುದಕ್ಕಾಗಿ ದಡದ ಮಣ್ಣಿನಲ್ಲಿ ಮೂರು ನಾಲ್ಕು ಅಡಿ ಆಳದ ಬಿಲಗಳನ್ನು ಕೊರೆಯುತ್ತದೆ. ಇಂಥ ಬಿಲಗಳಿಂದ ದಡಗಳು ಕುಸಿದುದು ಹೊರದೇಶಗಳಲ್ಲಿ ಕಂಡುಬಂದಿದೆ. ಮಣ್ಣಿನ ಏರಿಯನ್ನೇ ನಂಬಿರುವ ನಮ್ಮ ಕೆರೆಗಳಿಗೆ ಇದು ಸಣ್ಣ ಮಾತಲ್ಲ.

ಮೆಕ್ಸಿಕೋ ದೇಶದ ಇನ್ಫಿಯರ್ನಿಯೋ ಜಲಾಶಯದಲ್ಲಿ ಈ ಮೀನು ಹೆಚ್ಚಿ, ತಿಲಾಪಿಯ ಮೀನುಗಾರಿಕೆಯನ್ನು ನಂಬಿದ್ದವರ ಬಲೆಗಳಲ್ಲಿ ಇದೇ ತುಂಬಿಕೊಳ್ಳುವಂತಾಯಿತು. ಭಾರತದಲ್ಲಿಯೂ ಕೇರಳ, ತಮಿಳುನಾಡು, ಆಂಧ್ರಪ್ರದೇಶ, ಪಶ್ಚಿಮ ಬಂಗಾಳಗಳ ನೀರುಗಳಲ್ಲಿ ಇದು ದೊರೆತಿದೆ. ಇವೆಲ್ಲವೂ ಮೊದಲು ಯಾರದೋ ಗಾಜಿನ ತೊಟ್ಟಿಯ ಅಥವಾ ಅಲಂಕಾರ ಮೀನಿನ ವ್ಯಾಪಾರದ ಮೀನುಗಳೇ. ಇದರಂತೆಯೇ ಆಫ್ರಿಕದ ಮುರುಗೋಡು ಮೀನನ್ನು ಭಾರತದಲ್ಲಿ ಸಾಕುವುದು ನಿಷಿದ್ಧವಾಗಿದೆ. ಅದರ ಮರಿಯನ್ನು ನಾಡಮುರುಗೋಡೆಂದು ಹೇಳಿ ಮಾರಿದರೆ ಮೋಸಹೋಗಬಾರದು.

ಬೆಳೆದ ಮೀನನ್ನು ಅಂಗಡಿಗೆ ಹಿಂದಿರುಗಿಸುವುದು, ದೊಡ್ಡ ತೊಟ್ಟಿಯುಳ್ಳವರಿಗೆ ಕೊಡುವುದು, ಇಲ್ಲವೆ ಮೀನುಗಾರಿಕೆ ಇಲಾಖೆಯವರ ಸಲಹೆಯನ್ನು ಕೇಳುವುದು, ಇವು ಸರಿಯಾದ ಮಾರ್ಗಗಳು. ಕೆರೆ, ಕಾಲುವೆ, ಕೃಷಿಹೊಂಡ, ಬಾವಿ ಇವುಗಳಲ್ಲಿ ಯಾವುದಕ್ಕೂ ಬಿಡಕೂಡದು. ಗ್ರಾಮ ಪಂಚಾಯಿತಿಯ ಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಈ ಮಾತನ್ನು ತಿಳಿಯಪಡಿಸಿದರೆ ಊರಿನ ಕೆರೆಗೆ ದೊಡ್ಡ ಉಪಕಾರವಾಗುತ್ತದೆ.

ಸಾರಾಂಶ

ಮೀಸೆಮೀನನ್ನು ಕೊಳ್ಳುವ ಮೊದಲು ಅದರ ಬಾಯಿಯ ಬಗೆಯನ್ನೂ ಬೆಳೆದಾಗಿನ ಉದ್ದವನ್ನೂ ವಿಚಾರಿಸಬೇಕು. ಕೆರೆದು ತಿನ್ನುವುದಕ್ಕೆ ಪಾಚಿ ಮತ್ತು ತರಕಾರಿ, ಸೋಸಿ ತಿನ್ನುವುದಕ್ಕೆ ಹುಳು ಮತ್ತು ಸಿಗಡಿ, ನಡುನೀರಿನದಕ್ಕೆ ತೇಲಾಡುವ ಸಣ್ಣ ಜೀವಿಗಳು, ಬೇಟೆಯಾಡುವುದಕ್ಕೆ ಹುಳು ಮೀನುಗಳು ಮುಖ್ಯವಾಗಿರಬೇಕು. ಯಾವ ವರ್ಗವಾದರೂ ವಾರದಲ್ಲಿ ಮೂರು ಬಗೆಗೆ ಕಡಮೆಯಿಲ್ಲದಂತೆ ಆಹಾರವನ್ನು ಬದಲಿಸಬೇಕು. ರಾತ್ರಿ ಹಾಕಿ ಬೆಳಗ್ಗೆ ಉಳಿದುದನ್ನು ತೆಗೆಯಬೇಕು. ಹಳೆಯ ಡಬ್ಬಿ, ಬೂಸ್ಟಿನ ಹಿಂಡಿ, ಔಷಧಿಯ ಸೊಪ್ಪು ಇವನ್ನು ದೂರವಿಡಬೇಕು. ಮನೆಯ ತೊಟ್ಟಿಯ ಮೀನು ಮನೆಯ ತೊಟ್ಟಿಯಲ್ಲಿಯೇ ಬಾಳಿ ಮುಗಿಯುವಂತೆ ನೋಡಿಕೊಳ್ಳಬೇಕು. ಇಷ್ಟನ್ನು ಪಾಲಿಸಿದಲ್ಲಿ ಮನೆಯ ಮಕ್ಕಳು ಆಸೆಯಿಂದ ತಂದ ಮೀನು ಬಹುವರ್ಷ ಬದುಕುವುದಲ್ಲದೆ, ಊರಿನ ಕೆರೆಯ ಮೀನಿಗೂ ಏರಿಗೂ ಅದರಿಂದ ಬಾಧಕವಿಲ್ಲದಂತಾಗುತ್ತದೆ.